ಗೆಲುವಿನ ಹಸಿವು, ಆಟದ ಸುಖ

ಟೋಕಿಯೊ ಒಲಿಂಪಿಕ್ಸ್‌ನ ಎತ್ತರ ಜಿಗಿತದ ಕಥೆ ನಮಗೆಲ್ಲ ಗೊತ್ತಿರುವುದೇ. 2021ರ ಆಗಸ್ಟ್ 1ರಂದು ಕತಾರಿನ ಮುತಾಜ್ ಬರ್ಶಿಮ್, ಇಟಲಿಯ ಜಿಯಾನ್‌ಮಾರ್ಕೊ ತಂಬೇರಿ ಇಬ್ಬರೂ 2.37 ಮೀಟರ್ ದಾಟಿದರು, 2.39 ಇಬ್ಬರಿಗೂ ಒಲಿಯಲಿಲ್ಲ. ಮತ್ತೆ ಜಿಗಿದು ಒಬ್ಬರನ್ನು ಆರಿಸುವ ಕ್ರಮವನ್ನು ಅಧಿಕಾರಿ ವಿವರಿಸತೊಡಗಿದಾಗ, ಎರಡು ಚಿನ್ನ ಕೊಡಲು ಬರುತ್ತದೆಯೇ ಎಂದು ಬರ್ಶಿಮ್ ಕೇಳಿದರು. ಬರುತ್ತದೆ ಎಂದು ತಿಳಿದದ್ದೇ ತಡ, ತಂಬೇರಿ ಗೆಳೆಯನ ತೋಳಿಗೆ ಹಾರಿದರು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆ ಅಂಥದೇ ಘಟ್ಟಕ್ಕೆ ಬಂದು ನಿಂತಿತು. ನ್ಯೂಜಿಲೆಂಡಿನ ಹೇಮಿಷ್ ಕೆರ್, ಅಮೆರಿಕದ ಶೆಲ್ಬಿ ಮ್ಯಾಕ್‌ಈವನ್ ಇಬ್ಬರದೂ 2.36. ಇವರು ಹಂಚಿಕೊಳ್ಳಲಿಲ್ಲ, ಜಿಗಿದೇ ತೀರ್ಮಾನವಾಗಲಿ ಎಂದರು. ಅಡ್ಡಪಟ್ಟಿ ಇಳಿಯುತ್ತ ಬಂದು, ಕೊನೆಗೆ 2.34ರಲ್ಲಿ ಕೆರ್ ದಾಟಿದರು, ಮ್ಯಾಕ್‌ಈವನ್ ದಾಟಲಿಲ್ಲ.

ಮೊದಲ ಜೋಡಿಯನ್ನು ಜಗತ್ತು ತಲೆಯ ಮೇಲೆ ಹೊತ್ತು ಮೆರೆಸಿತು. ಎರಡನೆಯ ಜೋಡಿಯಲ್ಲಿ ಸೋತವನಿಗೆ ಸಿಕ್ಕಿದ್ದು ಮೂದಲಿಕೆ: ಕೈಗೆ ಬಂದ ಚಿನ್ನವನ್ನು ದುರಾಸೆಯಿಂದ ಕಳೆದುಕೊಂಡವ ಎಂದು. ಇತ್ತ ಟೋಕಿಯೊದ ಹಂಚಿಕೆಯನ್ನು ಮೆಚ್ಚದವರೂ ಇದ್ದರು. ತೀರ್ಮಾನವೇ ಆಗದ ಮೇಲೆ ಅದೆಂಥ ಸ್ಪರ್ಧೆ ಎಂದು ಅವರ ತಕರಾರು. ನನಗಂತೂ ಆ ನಾಲ್ವರಲ್ಲಿ ಯಾರ ಮೇಲೂ ಆಕ್ಷೇಪವಿಲ್ಲ. ಜಿಗಿತವನ್ನೇ ಬದುಕಾಗಿಸಿಕೊಂಡವನಿಗೆ ಇನ್ನೊಂದು ಜಿಗಿತ ಬೇಕೆನಿಸಿದರೆ ಅದು ದುರಾಸೆಯೋ, ಆಟದ ಮೇಲಿನ ಪ್ರೀತಿಯೋ? ತಂಬೇರಿಯ ಆ ಹಿಗ್ಗಿನಲ್ಲಿ ಗೆಲುವಿನ ಹಸಿವು ಇರಲೇ ಇಲ್ಲವೆ? ರಿಯೊ ಕೂಟಕ್ಕೆ ಮೊದಲು ಕಾಲಿಗೆ ಪೆಟ್ಟು ಮಾಡಿಕೊಂಡು, ಆ ಕಾಲಿನ ಪ್ಲಾಸ್ಟರಿನ ಮೇಲೆ ಟೋಕಿಯೊದ ಹೆಸರು ಬರೆದುಕೊಂಡು, ಐದು ವರ್ಷ ಕಾದವರು ಅವರು. ಆ ಪ್ಲಾಸ್ಟರನ್ನು ಅಂದು ಮೈದಾನಕ್ಕೂ ತಂದಿದ್ದರು.

ಹಾಗಾದರೆ ಗೆಲುವಿನ ಛಲ ಮತ್ತು ಆಟದ ಸುಖ ಎಂಬ ಎರಡನ್ನು ನಾವು ಎದುರಾಳಿಗಳಂತೆ ನಿಲ್ಲಿಸುತ್ತಿರುವುದು ಯಾಕೆ? ಛಲವಿದ್ದವನಿಗೆ ಸುಖವಿಲ್ಲ, ಸುಖಿಸುವವನಿಗೆ ಛಲವಿಲ್ಲ ಎಂದು ನಮಗೆ ಹೇಳಿಕೊಟ್ಟವರಾರು?

ಗೆಲ್ಲುವುದಕ್ಕಿಂತ ಭಾಗವಹಿಸುವುದು ದೊಡ್ಡದು ಎಂಬ ಮಾತನ್ನು ಒಲಿಂಪಿಕ್ಸ್‌ನ ಜೊತೆಗೆ ನಾವು ಸದಾ ಕೇಳುತ್ತೇವೆ. 1908ರ ಲಂಡನ್ ಕೂಟದ ಹೊತ್ತಿಗೆ ಅಮೆರಿಕದ ಬಿಷಪ್ ಒಬ್ಬರು ಚರ್ಚಿನ ಪ್ರವಚನದಲ್ಲಿ ಆಡಿದ ಮಾತಿನ ಎಳೆ ಹಿಡಿದು ಆಧುನಿಕ ಒಲಿಂಪಿಕ್ಸ್‌ನ ರೂವಾರಿ ಪಿಯರ್ ದ ಕೂಬರ್ತಾ ಅದನ್ನು ಜಗತ್ತಿಗೆ ಹೇಳಿದರು. ಮಾತು ಸುಂದರವಾಗಿದೆ. ಆದರೆ ಹದಿನೈದು ವರ್ಷ ಬೆಳಗಿನ ಐದು ಗಂಟೆಗೆ ಎದ್ದು ಓಡಿದವನ ಮುಂದೆ ನಿಂತು ಇದನ್ನು ಹೇಳಲು ನಮಗೆ ಬಾಯಿ ಬರುತ್ತದೆಯೆ? ಗೆಲ್ಲಬೇಕೆಂದು ಆಡದವನು ಎದುರಿನವನಿಗೂ ಮೋಸ ಮಾಡುತ್ತಾನೆ. ಮನಸ್ಸಿಲ್ಲದ ಮನಸ್ಸಿನಿಂದ ಆಡುವವನ ಎದುರು ಗೆದ್ದರೇನು, ಸೋತರೇನು? ಗೆಲ್ಲುವ ಬಯಕೆ ಆಟದ ಹೊರಗಿನಿಂದ ಬಂದು ಸೇರಿದ ಕೊಳೆಯಲ್ಲ. ಆಟ ನಿಂತಿರುವುದೇ ಅದರ ಮೇಲೆ.

ನಮ್ಮ ಕರಾವಳಿಯ ತಾಳಮದ್ದಲೆಯನ್ನು ನೆನೆಯೋಣ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಲೆಯ ಪೆಟ್ಟು, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು. ವಾಲಿವಧೆಯ ಪ್ರಸಂಗವೆಂದರೆ ವಾಲಿ ಸಾಯುತ್ತಾನೆಂಬುದು ಸಭೆಯ ಪುಟ್ಟ ಮಗುವಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕುಳಿತು, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮವೆಂದು ಕೇಳುತ್ತ ಹೋದರೆ, ರಾಮನ ಅರ್ಥ ಹೇಳುವವರು ಬೆವರಲೇಬೇಕು. ಸೋಲು ಮೊದಲೇ ಬರೆದಿಟ್ಟದ್ದೆಂದು ವಾಲಿಯ ಅರ್ಥಧಾರಿ ವಾದವನ್ನು ಸಡಿಲ ಬಿಡುತ್ತಾರೆಯೆ? ಬಿಟ್ಟರೆ ರಾಮನೂ ಬಡವಾಗುತ್ತಾನೆ, ಸಭೆಯೂ ಬಡವಾಗುತ್ತದೆ. ಪ್ರಾಣ ಹೋಗುವ ವಾಲಿ ಮಾತಿನಲ್ಲಿ ಗೆದ್ದನೆಂದುಕೊಂಡು ಮನೆಗೆ ಹೋದ ಪ್ರೇಕ್ಷಕರು ಎಷ್ಟಿಲ್ಲ! ಅಲ್ಲಿ ಇಬ್ಬರೂ ಗೆಲ್ಲಲೆಂದೇ ವಾದಿಸುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಸುಖವಿಲ್ಲ. ಎದುರಾಳಿಯ ಬಲವೇ ತನ್ನ ಸುಖದ ಮೂಲ ಎಂಬ ಅರಿವು ಅಲ್ಲಿ ಯಾರೂ ಬಾಯಿಬಿಟ್ಟು ಹೇಳದೆಯೇ ಇದೆ.

ಆದ್ದರಿಂದ ಗೆಲುವಿಗಾಗಿ ಹಂಬಲಿಸುವವರನ್ನು ಕೀಳಾಗಿ ಕಾಣುವುದು ಸಲ್ಲ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದ ಮೇಲೆ ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಕೋಚ್ ರಾಹುಲ್ ದ್ರಾವಿಡ್ ಕೂಗಿದ ಕೂಗು ನೆನಪಿದೆಯೆ? ಸಂಯಮಕ್ಕೆ ಇನ್ನೊಂದು ಹೆಸರೆಂದು ನಾವು ಬೆಂಗಳೂರಿನವರು ಹೆಮ್ಮೆಪಡುತ್ತಿದ್ದ ಮನುಷ್ಯ! 2007ರಲ್ಲಿ ಅದೇ ಕೆರಿಬಿಯನ್ ದ್ವೀಪಗಳಲ್ಲಿ ಅವರ ನಾಯಕತ್ವದ ತಂಡ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಹದಿನೇಳು ವರ್ಷ ಒಳಗೆ ಅದುಮಿಟ್ಟದ್ದು ಒಮ್ಮೆಲೇ ಹೊರಗೆ ಬಂತು. ಆ ಕೂಗಿನಲ್ಲಿ ಕೊರತೆ ಕಾಣುವವರು ಮನುಷ್ಯರನ್ನು ಅರಿಯರು.

ಹಾಗಾದರೆ ಕೆಡುವುದು ಎಲ್ಲಿ?

ಶೂಟರ್ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ದೇಶ ಕುಣಿಯಿತು. ಅವರೊಳಗೆ ಆ ಮೇಲೆ ತುಂಬಿದ್ದು ಶೂನ್ಯ. ಬದುಕಿನ ಅತಿ ದೊಡ್ಡ ಮಾನಸಿಕ ಕುಸಿತ ತನಗೆ ಬಂದದ್ದು ಸೋತಾಗಲ್ಲ, ಗೆದ್ದಾಗ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎಂಟು ಗ್ರಾಂಡ್ ಸ್ಲ್ಯಾಮ್ ಸಿಂಗಲ್ಸ್ ಪ್ರಶಸ್ತಿಗಳ ಒಡೆಯ ಆಂಡ್ರೆ ಅಗಾಸಿ 2009ರ ಆತ್ಮಕಥೆಯಲ್ಲಿ ತನಗೆ ಟೆನಿಸ್ ಎಂದರೆ ದ್ವೇಷವೆಂದು ಬರೆದರು. ಗೆಲುವು ಸಿಕ್ಕಿಯೂ ಹೀಗೆ ಎಂದಾದರೆ, ಸಿಗದಿದ್ದವರ ಪಾಡೇನು? ಗುರಿಯೊಂದನ್ನೇ ಉಸಿರಾಗಿಸಿಕೊಂಡು ಬದುಕಿದವನಿಗೆ ಗುರಿ ಕೈಸೇರಿದ ಮರುದಿನ ಎದ್ದು ಮಾಡಲು ಏನೂ ಇಲ್ಲ. ಗೆಲ್ಲಬೇಕು ಎಂಬ ಬಯಕೆ, ಗೆದ್ದರೆ ಮಾತ್ರ ನಾನು ನಾನು ಎಂಬ ನಂಬಿಕೆಯಾಗಿ ಯಾವಾಗ ತಿರುಗಿತೋ ಆಗ ಆಟ ಹೊರಟುಹೋಯಿತು. ಉಳಿದದ್ದು ತನ್ನ ಮೇಲೆ ತಾನೇ ಹೂಡಿಕೊಂಡ ಮೊಕದ್ದಮೆ, ದಿನದಿನವೂ ವಿಚಾರಣೆ.

ಟೋಕಿಯೊದಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡ ಸ್ಪರ್ಧೆಯ ಫೈನಲ್‌ನಲ್ಲಿ ಒಂದು ವಾಲ್ಟ್ ಮುಗಿಸಿ ಹಿಂದೆ ಸರಿದಾಗ ಎಷ್ಟು ಜನ ಎಷ್ಟು ಬಗೆಯಾಗಿ ಆಡಿಕೊಂಡರು! ಗಾಳಿಯಲ್ಲಿ ತಿರುಗುತ್ತಿರುವಾಗ ತಾನೆಲ್ಲಿದ್ದೇನೆ, ನೆಲ ಎತ್ತ ಇದೆ ಎಂಬ ಅರಿವೇ ತಪ್ಪಿಹೋಗುವ ಸ್ಥಿತಿ ಅವರದಾಗಿತ್ತು. ಜಿಮ್ನಾಸ್ಟಿಕ್ಸ್‌ನಲ್ಲಿ ಅದು ಕುತ್ತಿಗೆ ಮುರಿಯುವ ಅಪಾಯ. ಆದರೂ ಛಲವಿಲ್ಲದವಳು ಎಂದರು, ದೇಶಕ್ಕೆ ಕೈಕೊಟ್ಟಳು ಎಂದರು. ಕೆಲವೇ ದಿನಗಳಲ್ಲಿ ಬೀಮ್ ಮೇಲೆ ಮರಳಿ ಆಡಿ ಅವರು ಪಡೆದದ್ದು ಕಂಚು. ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ.

ಇನ್ನೊಂದು ಕಥೆ ಅಮೆರಿಕದ ಫಿಗರ್ ಸ್ಕೇಟಿಂಗ್ ಆಟಗಾರ್ತಿ ಅಲಿಸಾ ಲಿಯು ಅವರದು. ಹದಿಮೂರನೆಯ ವಯಸ್ಸಿಗೆ, 2019ರಲ್ಲಿ, ತನ್ನ ದೇಶದ ಚಾಂಪಿಯನ್. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ, ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಆಮೇಲೆ, ಹದಿನಾರಕ್ಕೇ, ಸಾಕು ಎಂದು ಹೊರಟುಹೋದರು. ಕಾಲೇಜು ಸೇರಿದರು; ಎವರೆಸ್ಟ್ ಬೇಸ್ ಕ್ಯಾಂಪಿಗೆ ನಡೆದು ಬಂದರು; ಅದುವರೆಗೆ ಕಟ್ಟಿಹಾಕಿಟ್ಟಿದ್ದ ಹುಡುಗಾಟಿಕೆಯನ್ನೆಲ್ಲ ಬಿಚ್ಚಿಕೊಂಡರು. 2024ರಲ್ಲಿ ಮರಳಿ ಬಂದಾಗ ಷರತ್ತುಗಳು ಅವರವೇ: ಯಾವ ಸಂಗೀತ, ಯಾವ ಉಡುಗೆ, ಎಷ್ಟು ಅಭ್ಯಾಸ, ಏನು ಊಟ ಎಲ್ಲವನ್ನೂ ತಾನೇ ತೀರ್ಮಾನಿಸುವೆ ಎಂದು. 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ಅವರು ವಿಶ್ವ ಚಾಂಪಿಯನ್ ಆದರು. 2006ರ ನಂತರ ಆ ಪಟ್ಟಕ್ಕೇರಿದ ಮೊದಲ ಅಮೆರಿಕನ್ ಮಹಿಳೆ. ಮಂಜುಗಡ್ಡೆಯ ಮೇಲೆ ಅವರ ಮುಖದಲ್ಲಿದ್ದ ನಗು ತೀರ್ಪುಗಾರರಿಗಾಗಿ ಹೊತ್ತುತಂದದ್ದಲ್ಲವೆಂಬುದು ನೋಡಿದವರಿಗೆ ತಿಳಿಯುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆನ್ನಾಗಿರುತ್ತದೆ: ಸುಖವಾಗಿ ಆಡಿ, ಗೆಲುವು ತಾನಾಗಿ ಬರುತ್ತದೆ. ಈಚೆಗೆ ಕೋಚುಗಳೂ ಮನಶ್ಶಾಸ್ತ್ರಜ್ಞರೂ ಕೊನೆಯ ಓವರಿಗೆ ಮೊದಲು ಕಿವಿಯಲ್ಲಿ ಉಸುರುವುದೂ ಅದನ್ನೇ. ಹೋಗಿ, ಎಂಜಾಯ್ ಮಾಡಿ! ಆದರೆ ಈ ಮಾತಿನ ಒಳಗೆ ಒಂದು ಕಪಟ ಅಡಗಿದೆಯಲ್ಲವೆ? ಸುಖವನ್ನೂ ನಾವು ಗೆಲುವಿನ ಆಳಾಗಿ ದುಡಿಯಲು ಹಚ್ಚುತ್ತಿದ್ದೇವೆ. ಸುಖಪಟ್ಟರೆ ಸ್ನಾಯು ಸಡಿಲವಾಗುತ್ತದೆ, ಸಡಿಲವಾದರೆ ಹೊಡೆತ ಚೆನ್ನಾಗಿ ಬರುತ್ತದೆ, ಬಂದರೆ ಪದಕ. ಹೀಗೆ ಲೆಕ್ಕ ಹಾಕಿ ಪಡುವ ಸುಖ ಎಂಥ ಸುಖ? ಅದೂ ಇನ್ನೊಂದು ಅಭ್ಯಾಸ, ಬೆಳಗಿನ ದಿನಚರಿಯಲ್ಲಿ ಇನ್ನೊಂದು ಸಾಲು. ಸಂತೋಷವಾಗಿರದಿದ್ದರೆ ಸೋಲುತ್ತೇನೆಂಬ ಹೊಸ ಭಯ ಹಳೆಯ ಭಯಗಳ ಜೊತೆ ಸೇರಿಕೊಳ್ಳುತ್ತದೆ, ಅಷ್ಟೆ.

ಇನ್ನೊಂದನ್ನೂ ಗಮನಿಸಬೇಕು. ಆಟದ ಸುಖದ ಬಗ್ಗೆ ನಾವು ಕೇಳುವುದೆಲ್ಲ ಗೆದ್ದವರ ಬಾಯಿಂದ. ಲಿಯು ಬಾಸ್ಟನ್‌ನಲ್ಲಿ ಹನ್ನೊಂದನೆಯವರಾಗಿದ್ದರೆ ಅವರ ನಗುವನ್ನು ನಾವು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದೆವೆ? ಶಿಸ್ತಿಲ್ಲದ ಹುಡುಗಿ, ಪ್ರತಿಭೆ ಹಾಳುಮಾಡಿಕೊಂಡಳು ಎನ್ನುತ್ತಿದ್ದೆವು. ನಾರ್ವೆಯ ಉದಾಹರಣೆಯೂ ಹೀಗೆಯೇ. ಅಲ್ಲಿ ಮಕ್ಕಳಿಗೆ ಹನ್ನೊಂದು ತುಂಬುವ ವರ್ಷದವರೆಗೆ ಸ್ಪರ್ಧೆಯ ಫಲಿತಾಂಶ ಪಟ್ಟಿ ಹಾಕುವುದಿಲ್ಲ. ಎಲ್ಲರಿಗೂ ಆಟದ ಸಂತೋಷ ಎಂಬುದೇ ಅವರ ಕ್ರೀಡಾ ಒಕ್ಕೂಟದ ಧ್ಯೇಯವಾಕ್ಯ. ಇದನ್ನು ಹೇಳಿದ ಮರುಕ್ಷಣವೇ ನಾವು ಸೇರಿಸುವುದೇನು? ಅದಕ್ಕೇ ನೋಡಿ, 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 39 ಪದಕ, 2022ರಲ್ಲಿ 16 ಚಿನ್ನ! ಮಕ್ಕಳ ಸಂತೋಷಕ್ಕೂ ಪದಕಪಟ್ಟಿಯ ಪ್ರಮಾಣಪತ್ರ ಬೇಕಾಯಿತು. ನಾರ್ವೆಗೆ ಒಂದೂ ಪದಕ ಬಾರದಿದ್ದರೆ ಆ ಮಕ್ಕಳು ನಕ್ಕದ್ದು ತಪ್ಪಾಗುತ್ತಿತ್ತೆ?

ಸುಖದ ನಿಜವಾದ ಪರೀಕ್ಷೆ ಸೋಲಿನಲ್ಲಿ ನಡೆಯಬೇಕು. ಅದಕ್ಕೆ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರಿಗಿಂತ ಒಳ್ಳೆಯ ಸಾಕ್ಷಿ ನನಗೆ ಹೊಳೆಯುವುದಿಲ್ಲ.

1980ರ ಫೆಬ್ರುವರಿ, ಮುಂಬಯಿಯ ವಾಂಖೆಡೆ. ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್, ಎದುರಿಗೆ ಇಂಗ್ಲೆಂಡ್. ವಿಶ್ವನಾಥ್ ನಾಯಕ. ಭಾರತದ 242ಕ್ಕೆ ಉತ್ತರವಾಗಿ ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಬೋಥಮ್ ಜೊತೆಗಿದ್ದ ವಿಕೆಟ್ ಕೀಪರ್ ಬಾಬ್ ಟೇಲರ್ ಅವರನ್ನು ಕೀಪರ್‌ಗೆ ಕ್ಯಾಚ್ ಎಂದು ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಲಿಲ್ಲವೆಂದು ಟೇಲರ್‌ಗೆ ಗೊತ್ತಿತ್ತು. ಸ್ಲಿಪ್‌ನಲ್ಲಿದ್ದ ವಿಶ್ವನಾಥರಿಗೂ ಗೊತ್ತಿತ್ತು. ಅವರು ಅಂಪೈರ್ ಬಳಿ ಹೋಗಿ ಟೇಲರ್ ಅವರನ್ನು ವಾಪಸು ಕರೆಸಿದರು. ಟೇಲರ್ 43 ಹೊಡೆದರು, ಬೋಥಮ್ 114. ಇಬ್ಬರೂ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ ಟೆಸ್ಟ್‌ಗಳು ಒಟ್ಟು ಎರಡೇ. ಅದು ಎರಡನೆಯದು, ಕೊನೆಯದೂ ಹೌದು.

ಈ ಘಟನೆಯನ್ನು ನಾವು ಔದಾರ್ಯ ಎಂಬ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಡುತ್ತೇವೆ. ಔದಾರ್ಯವೆಂದರೆ ತನಗೆ ಸೇರಿದ್ದನ್ನು ಇನ್ನೊಬ್ಬರಿಗೆ ಕೊಡುವುದು. ಆ ವಿಕೆಟ್ ತನಗೆ ಸೇರಿದ್ದೇ ಅಲ್ಲವೆಂದು ವಿಶ್ವನಾಥರಿಗೆ ಅನ್ನಿಸಿರಬೇಕು. ಅವರು ಗೆಲುವನ್ನು ಕಡಿಮೆ ಬಯಸಿದ್ದರೆಂದು ನನಗೆ ತೋರುವುದಿಲ್ಲ. ಗೆಲುವಿನ ವಿಷಯದಲ್ಲಿ ಅವರು ನಮ್ಮೆಲ್ಲರಿಗಿಂತ ಹೆಚ್ಚು ಆಯ್ದು ನೋಡುವವರು, ಕೈಗೆ ಸಿಕ್ಕಿದ್ದನ್ನೆಲ್ಲ ಉಣ್ಣುವವರಲ್ಲ. ಅವರು ಹೊಡೆದ 14 ಟೆಸ್ಟ್ ಶತಕಗಳಲ್ಲಿ ಯಾವುದೂ ಸೋತ ಪಂದ್ಯದಲ್ಲಿ ಬಂದದ್ದಲ್ಲ. ಇಂಥವರಿಗೆ ಗೆಲುವಿನ ಬೆಲೆ ತಿಳಿಯದೆ? ನಾಯಕನೊಬ್ಬ ದೇಶದ ಪಂದ್ಯವನ್ನು ತನ್ನ ಮನಸ್ಸಾಕ್ಷಿಗೆ ಒತ್ತೆಯಿಡಬಹುದೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಪ್ರಶ್ನೆ ಹಗುರವಲ್ಲ, ಹನ್ನೊಂದು ಜನರ ದುಡಿಮೆ ಅದರಲ್ಲಿದೆ. ನನ್ನ ಉತ್ತರವಾದರೂ ವಿಶ್ವನಾಥರ ಕಡೆಗೇ. ಬ್ಯಾಟಿಗೆ ತಗುಲದ ಚೆಂಡಿನಿಂದ ಬಂದ ಗೆಲುವು ಹನ್ನೊಂದು ಜನರಿಗೆ ಯಾವ ಸುಖ ಕೊಟ್ಟೀತು?

ಇದೇ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿ, ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದಾಗ ನಾಯಕ ಪಟೌಡಿ ಹೇಳಿದ್ದು ಚಿಂತೆ ಬಿಡು, ಶತಕ ಹೊಡೆಯುತ್ತೀಯ ಎಂದಂತೆ. ಎರಡನೆಯ ಇನಿಂಗ್ಸ್‌ನಲ್ಲಿ 137 ಬಂತು. ಬಾರದಿದ್ದರೂ ಆ ಮಾತು ಒಳ್ಳೆಯದೇ ಆಗಿರುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸತ್ಯವನ್ನು ಎದುರಿಸದೆ ವಿಧಿಯಿಲ್ಲ. ಆಟದ ಸುಖದ ಬಗ್ಗೆ ಮಾತಾಡುವುದು ಹೊಟ್ಟೆ ತುಂಬಿದವರಿಗೆ ಸುಲಭ. ಒಲಿಂಪಿಕ್ಸ್‌ನ ಆರಂಭದ ದಶಕಗಳಲ್ಲಿ ಹಣಕ್ಕಾಗಿ ಆಡುವುದು ಹೀನ, ಸುಖಕ್ಕಾಗಿ ಆಡುವುದು ಶ್ರೇಷ್ಠ ಎಂಬ ಆದರ್ಶವನ್ನು ಎತ್ತಿಹಿಡಿದವರು ದುಡಿಯದೆ ಉಣ್ಣಬಲ್ಲ ಮನೆತನಗಳ ಗಂಡಸರು. ಅದರ ಪೆಟ್ಟು ತಿಂದವರು ಅಮೆರಿಕದ ಮೂಲನಿವಾಸಿ ಜಿಮ್ ಥೋರ್ಪ್. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅವರು ಗೆದ್ದ ಎರಡು ಚಿನ್ನಗಳನ್ನು, ಹಿಂದೆ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದರೆಂಬ ಕಾರಣಕ್ಕೆ ಮರುವರ್ಷವೇ ಕಿತ್ತುಕೊಂಡರು. ಆ ಸ್ಪರ್ಧೆಗಳ ಏಕೈಕ ವಿಜೇತರೆಂದು ಅವರ ಹೆಸರು ಮತ್ತೆ ದಾಖಲೆಗೆ ಸೇರಿದ್ದು 2022ರಲ್ಲಿ. ಅವರು ತೀರಿಕೊಂಡು ಆಗಲೇ ಅರವತ್ತೊಂಬತ್ತು ವರ್ಷ. ಆಟವನ್ನು ಸುಖಕ್ಕಾಗಿ ಮಾತ್ರ ಆಡಿರಿ ಎಂಬ ಉಪದೇಶದ ಹಿಂದೆ ಇಂಥ ಕ್ರೌರ್ಯವೂ ಇತ್ತು.

ನಮ್ಮ ದೇಶದಲ್ಲಿ ಕುಸ್ತಿಯ ಮಣ್ಣಿಗೆ, ಓಟದ ಟ್ರ್ಯಾಕಿಗೆ, ಭಾರ ಎತ್ತುವ ಕೋಣೆಗೆ ಬರುವ ಮಕ್ಕಳಲ್ಲಿ ಬಹಳ ಮಂದಿಗೆ ಪದಕವೆಂದರೆ ಸೇನೆ, ರೈಲ್ವೆ ಅಥವಾ ಪೊಲೀಸ್ ಇಲಾಖೆಯಲ್ಲಿ ಕ್ರೀಡಾ ಕೋಟಾದ ಒಂದು ನೌಕರಿ. ಮನೆಗೆ ಒಲೆಯ ಸೌದೆ ಹೊತ್ತು ಬೆಳೆದ ಮಣಿಪುರದ ಮೀರಾಬಾಯಿ ಚಾನು ಟೋಕಿಯೊದಲ್ಲಿ ಒಟ್ಟು 202 ಕಿಲೊ ಎತ್ತಿ ಬೆಳ್ಳಿ ಗೆದ್ದರು. ಅಂಥ ಮನೆಯ ಹುಡುಗಿಗೆ ಗೆಲ್ಲದಿದ್ದರೂ ಪರವಾಗಿಲ್ಲ ಎನ್ನಲು ನಾವು ಯಾರು? ಪರವಾಗಿದೆ ಎಂಬುದು ಅವಳಿಗೆ ಗೊತ್ತು, ಅವಳ ಮನೆಗೆ ಗೊತ್ತು. ಸೋತರೆ ಹಸಿವು ಎಂದಿರುವಲ್ಲಿ ಸುಖದ ಮಾತು ಗೇಲಿಯಾಗಿ ಕೇಳಿಸುತ್ತದೆ. ಸೋತವನಿಗೂ ನಾಳೆಯ ಊಟ, ಓದು, ಮುರಿದ ಮಂಡಿಗೆ ಚಿಕಿತ್ಸೆ ಖಾತ್ರಿಯಿದ್ದರೆ ಮಾತ್ರ ಅವನು ಆಟವನ್ನು ಆಟವೆಂದು ಆಡಿಯಾನು. ಮನಸ್ಸನ್ನು ಹದಗೊಳಿಸುವ ಪ್ರವಚನಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು. ಇದು ಆಟಗಾರರ ಕೆಲಸವಲ್ಲ, ಸರ್ಕಾರದ್ದು, ಸಂಘಗಳದ್ದು, ನಮ್ಮದು.

ಗೀತೆಯನ್ನು ಇಲ್ಲಿ ನೆನೆಯುವುದು ವಾಡಿಕೆ. ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದ ಶೂಟರ್ ಮನು ಭಾಕರ್ ಕೂಡ ಗುರಿಯಿಡುವಾಗ ಗೀತೆಯ ಮಾತು ಮನಸ್ಸಿನಲ್ಲಿತ್ತೆಂದರು. ಫಲದ ಮೇಲೆ ಕಣ್ಣಿಡಬೇಡ ಎಂಬುದನ್ನು ನಾವು ಫಲವೇ ಬೇಡ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಅದೇ ಕೃಷ್ಣ ವಿಶ್ವರೂಪ ತೋರಿಸಿದ ಮೇಲೆ, ಎದ್ದು ಗೆದ್ದು ರಾಜ್ಯವನ್ನು ಅನುಭವಿಸು ಎಂದೂ ಅರ್ಜುನನಿಗೆ ಹೇಳುತ್ತಾನೆ. ಯುದ್ಧಭೂಮಿಯ ನಡುವೆ ನಿಂತು ಆಡಿದ ಮಾತು ಗೆಲುವನ್ನು ಅಲ್ಲಗಳೆಯಲು ಹೇಗೆ ಸಾಧ್ಯ? ಕೈಯ ಕೆಲಸ ನಡೆಯುತ್ತಿರುವ ಹೊತ್ತಿಗೆ ಕಣ್ಣು ಬೇರೆಡೆ ಹೋಗದಿರಲಿ, ಅಷ್ಟೇ ಅದರ ಕೇಳಿಕೆ.

ಆಟಗಾರರ ಕಣ್ಣು ಬೇರೆಡೆ ಹೋಗುವಂತೆ ಮಾಡುವವರಲ್ಲಿ ನಾವೇ ಮೊದಲಿಗರಲ್ಲವೆ? ನಾಲ್ಕು ವರ್ಷಕ್ಕೊಮ್ಮೆ ಎರಡು ವಾರ ಎಚ್ಚರಾಗಿ, ಬಿಲ್ಲುಗಾರಿಕೆಯ ಅಂಕ ಹೇಗೆ ಕೂಡುತ್ತಾರೆಂದು ತಿಳಿಯದೆಯೇ 140 ಕೋಟಿ ಜನರ ಆಸೆಯನ್ನು ಒಂದು ಹೆಗಲ ಮೇಲೆ ಹೇರುವವರು ನಾವು. ಪ್ಯಾರಿಸ್‌ಗೆ ನಮ್ಮವರು 117 ಮಂದಿ ಹೋದರು. ಬಂದದ್ದು ಒಂದು ಬೆಳ್ಳಿ, ಐದು ಕಂಚು. ಆರು ಸ್ಪರ್ಧೆಗಳಲ್ಲಿ ನಾವು ನಾಲ್ಕನೆಯವರು. ಜಗತ್ತಿಗೆ ನಾಲ್ಕನೆಯವರಾಗುವುದೆಂದರೇನು ಎಂದು ಕ್ಷಣ ಯೋಚಿಸಿ ನೋಡಿ. ನಮ್ಮಲ್ಲಿ ಎಷ್ಟು ಮಂದಿ ತಮ್ಮ ತಮ್ಮ ಕಸುಬಿನಲ್ಲಿ ತಾಲೂಕಿಗೆ ನಾಲ್ಕನೆಯವರು?

ಆ ನಾಲ್ಕನೆಯವರಲ್ಲಿ ಒಬ್ಬರು ಬ್ಯಾಡ್ಮಿಂಟನ್ ಆಟಗಾರ ಲಕ್ಷ್ಯ ಸೇನ್. ಉತ್ತರಾಖಂಡದ ಹುಡುಗ, ಪಳಗಿದ್ದು ಬೆಂಗಳೂರಿನಲ್ಲಿ, ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ. ಕಂಚಿನ ಪಂದ್ಯದಲ್ಲಿ ಮಲೇಷ್ಯಾದ ಲೀ ಝಿ ಜಿಯಾ ಎದುರು ಮೊದಲ ಗೇಮ್ ಗೆದ್ದು, ಮುಂದಿನೆರಡನ್ನು ಸೋತರು. ಮೊಣಕೈಯಿಂದ ರಕ್ತ ಒಸರುತ್ತಿತ್ತು, ಮತ್ತೆ ಮತ್ತೆ ಪಟ್ಟಿ ಸುತ್ತಿಸಿಕೊಂಡು ಆಡಿದರು. ಪಂದ್ಯ ಮುಗಿದ ಮೇಲೆ ಸ್ವತಃ ಪಡುಕೋಣೆಯವರೇ ನಿಷ್ಠುರವಾಗಿ ಮಾತಾಡಿದರು: ಸೌಲಭ್ಯಗಳೆಲ್ಲ ಸಿಕ್ಕಿವೆ, ಇನ್ನು ಹೊಣೆ ಹೊತ್ತು ಗೆಲ್ಲಬೇಕಾದವರು ಆಟಗಾರರು ಎಂಬ ಅರ್ಥದಲ್ಲಿ. ಬ್ಯಾಡ್ಮಿಂಟನ್ ಡಬಲ್ಸ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಬಹಿರಂಗವಾಗಿ ಆಕ್ಷೇಪಿಸಿದರು. ಅದು ಅವರ ಮೂರನೆಯ ಒಲಿಂಪಿಕ್ಸ್. ಗುಂಪು ಹಂತದ ಮೂರೂ ಪಂದ್ಯ ಸೋತು, ಇನ್ನೊಮ್ಮೆ ಇದನ್ನು ತಾಳಲಾರೆ ಎಂದು ಕಣ್ಣೀರಿಟ್ಟು ಬಂದಿದ್ದರು.

ಪಡುಕೋಣೆಯವರ ಮಾತನ್ನು ಗೆಲುವಿನ ಹುಚ್ಚು ಎಂದು ತಳ್ಳಿಹಾಕಲು ನನಗಾಗುವುದಿಲ್ಲ. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ, ಮದುವೆಗಳಿಲ್ಲದ ದಿನ ನೋಡಿಕೊಂಡು ಷಟಲ್ ಆಡಿ ಬೆಳೆದವರು ಅವರು. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರ ಭೀಕರ ಸ್ಮ್ಯಾಷ್‌ಗಳಿಗೆ ಸ್ಪರ್ಶದಿಂದ, ಮೃದು ಡ್ರಾಪ್‌ಗಳಿಂದ, ಕಣ್ಣುಕಟ್ಟಿನಿಂದ ಉತ್ತರ ಕೊಟ್ಟು 15-3, 15-10ರಿಂದ ಗೆದ್ದವರು. ಆ ಆಟ ಸುಖವಲ್ಲದೆ ಮತ್ತೇನು? ಆ ಸುಖದ ಹಿಂದೆ ಕಠಿಣವಾದ ಹಂಬಲ ಇಲ್ಲದಿದ್ದರೆ ಕಿಂಗ್ ಅವರನ್ನು ಅಲುಗಿಸಲು ಆಗುತ್ತಿತ್ತೆ? ಗೆಲ್ಲಿರಿ ಎಂದು ಹೇಳುವ ಹಕ್ಕು ಅವರಿಗುಂಟು. ಸಾಕು ಎಂದು ಅಳುವ ಹಕ್ಕು ಅಶ್ವಿನಿಯವರಿಗೂ ಉಂಟು. ಮನೆಯಲ್ಲಿ ಕೂತು ಈ ಇಬ್ಬರ ನಡುವೆ ತೀರ್ಪು ಕೊಡುವ ಹಕ್ಕು ಮಾತ್ರ ನಮಗಿಲ್ಲ.

ನಮಗಿರುವುದು ನೋಡುವ ಹಕ್ಕು. ಅದನ್ನೂ ನಾವು ಸರಿಯಾಗಿ ಬಳಸುವುದಿಲ್ಲ. ಪದಕ ಬಂತೇ ಎಂದು ಕೇಳಿ, ಬರಲಿಲ್ಲವೆಂದರೆ ಪುಟ ತಿರುಗಿಸುತ್ತೇವೆ. ಅದೇ ಪ್ಯಾರಿಸ್ ಕೂಟದ ಗುಂಪು ಹಂತದಲ್ಲಿ ಲಕ್ಷ್ಯ ಇಂಡೋನೇಷ್ಯಾದ ಜೊನಾಥನ್ ಕ್ರಿಸ್ಟಿ ಎದುರು ಆಡುವಾಗ, ಮೈಯ ಹಿಂದೆ ಹೋಗಿಬಿಟ್ಟಿದ್ದ ಷಟಲನ್ನು ಬೆನ್ನ ಹಿಂದಿನಿಂದ ಕೈ ತಿರುಗಿಸಿ ಮರಳಿಸಿದ ಹೊಡೆತವೊಂದಿದೆ. ಅದನ್ನು ಯಾವ ಕೋಚೂ ಹೇಳಿಕೊಟ್ಟಿರಲಾರರು. ಗೆಲ್ಲಲೇಬೇಕಾದ ಪಂದ್ಯದಲ್ಲಿ, ಪಾಯಿಂಟ್ ಬಿಡಲೊಲ್ಲದ ಹಟದಿಂದಲೇ ಅದು ಹುಟ್ಟಿತು, ಹುಟ್ಟಿದ ಕ್ಷಣದಲ್ಲಿ ಹಟವನ್ನೂ ಮರೆಸಿತು. ಲಕ್ಷ್ಯ ಆ ಕೂಟದಿಂದ ಪದಕವಿಲ್ಲದೆ ಮರಳಿದರು. ಆ ಹೊಡೆತವನ್ನು ನೋಡದವರು ದಯವಿಟ್ಟು ಹುಡುಕಿ ಒಮ್ಮೆ ನೋಡಿ.